ಗುಮಟೆ ಕಾಯುವ ಹೊತ್ತು

ಅಂಗಳದ ಮೂಲೆಯಲ್ಲಿ ಒಣಗಿದ ಗೇರೆಲೆ, ಬಿದಿರಿನ ಸಿಬಿರು, ನಾಲ್ಕು ತೆಂಗಿನ ಗರಟೆ ಹಾಕಿ ಬೆಂಕಿ ಮಾಡಿದ್ದಾರೆ. ಉರಿ ದೊಡ್ಡದಾಗಬಾರದು, ಹೊಗೆಯೂ ಹೆಚ್ಚಬಾರದು. ಅದರ ಎದುರು ಕುಕ್ಕರುಗಾಲಿನಲ್ಲಿ ಕೂತ ಹಿರಿಯರೊಬ್ಬರು ಮಣ್ಣಿನ ಮಡಕೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಅದರ ಚರ್ಮದ ಮುಖವನ್ನು ಬಿಸಿಗೆ ಒಡ್ಡುತ್ತಾರೆ, ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಒಂದು ಸಲ ತಟ್ಟಿ ಕಿವಿ ವಾಲಿಸುತ್ತಾರೆ, ಸಮಾಧಾನವಾಗದೆ ಮತ್ತೆ ಬಿಸಿಗೆ ಹಿಡಿಯುತ್ತಾರೆ. ಸಡಿಲವಾದ ಚರ್ಮದ ಸದ್ದು ಎಳೆ ಹಲಸಿನಕಾಯಿ ತಟ್ಟಿದ ಹಾಗೆ ದಪ್ಪಗೆ ಬರುತ್ತದೆ. ಬಿಸಿ ತಾಕುತ್ತ ತಾಕುತ್ತ ಅದು ಬಿಗಿದು, ಕೊನೆಗೊಮ್ಮೆ ಎದುರಿನ ಗುಡ್ಡಕ್ಕೆ ಬಡಿದು ಮರಳುವಂಥ ದನಿ ಹೊರಟಾಗ ಅವರ ಹುಬ್ಬಿನ ಗಂಟು ಬಿಚ್ಚಿಕೊಳ್ಳುತ್ತದೆ. ಗುಮಟೆ ಕಾದಿದೆ.

ಇದು ಉತ್ತರ ಕನ್ನಡದ ಜೊಯಿಡಾ ತಾಲೂಕಿನ ಒಂದು ಕುಣಬಿ ಕೇರಿ. ಬನ್ನಿ, ಜಗಲಿಯ ಅಂಚಿಗೆ ಕಂಬಳಿ ಹಾಸಿದ್ದಾರೆ, ನಾವೂ ಕೂರೋಣ. ಫಾಲ್ಗುಣದ ಹುಣ್ಣಿಮೆಗೆ ಇನ್ನು ಕೆಲವೇ ದಿನ. ಹಗಲಿಡೀ ಕಾದ ನೆಲ ಈಗಷ್ಟೇ ತಣಿಯತೊಡಗಿದೆ. ಸಗಣಿ ಸಾರಿಸಿದ ಅಂಗಳದ ತಂಪು ವಾಸನೆ, ಬೇಲಿಯಾಚೆಯಿಂದ ಬರುವ ಗೇರುಹಣ್ಣಿನ ಹುಳಿ ಘಮ, ಅಡುಗೆಮನೆಯಲ್ಲಿ ಬೇಯುತ್ತಿರುವ ಗೆಡ್ಡೆಯ ಮಣ್ಣುಗಂಪು ಮೂರೂ ಬೆಂಕಿಯ ಹೊಗೆಯಲ್ಲಿ ಕಲೆಸಿಹೋಗಿವೆ. ಹೆಂಚಿನ ಮಾಡಿನ ಕೆಳಗೆ ಒಂದು ಬಲ್ಬು ಉರಿಯುತ್ತಿದೆ. ಅದರ ಬೆಳಕು ಅಂಗಳದ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿಂದಾಚೆಗೆ ಕಾಡು.

ಆ ಕತ್ತಲೆಯೊಳಗಿಂದ ಒಂದೊಂದೇ ಬ್ಯಾಟರಿ ಬೆಳಕು ಇಳಿದು ಬರುತ್ತದೆ. ಈ ಕಡೆಯ ದಾರಿಗಳಲ್ಲಿ ರಾತ್ರಿ ಒಬ್ಬೊಬ್ಬರೇ ನಡೆಯುವವರು ಕಡಿಮೆ. ಕರಡಿಯ ಭಯ ಎಲ್ಲರಿಗೂ ಇದೆ, ಕಾಡುಕೋಣವಂತೂ ಗದ್ದೆಯ ಅಂಚಿಗೇ ಬಂದು ನಿಂತಿರುತ್ತದೆ. ಹಾಗಾಗಿ ಇಬ್ಬರು, ಮೂವರು ಸೇರಿ ಗಟ್ಟಿಯಾಗಿ ಮಾತಾಡಿಕೊಂಡು ಬರುತ್ತಾರೆ. ಬಂದವರಲ್ಲಿ ಒಬ್ಬಾತ ಗಣೇಶಗುಡಿಯ ಹತ್ತಿರ ಕಾಳಿ ನದಿಯಲ್ಲಿ ಪ್ರವಾಸಿಗರ ರಾಫ್ಟಿಗೆ ಹುಟ್ಟು ಹಾಕುವವನು. ಅವನ ತೋಳು ಇನ್ನೂ ದಣಿದಿವೆ. ಇನ್ನೊಬ್ಬ ಅರಣ್ಯ ಇಲಾಖೆಯ ವಾಚರ್, ಖಾಕಿ ಪ್ಯಾಂಟಿನ ಮೇಲೆ ಮನೆಯ ಬನಿಯನ್ನು ಹಾಕಿಕೊಂಡೇ ಬಂದಿದ್ದಾನೆ. ಮತ್ತೊಬ್ಬ ಬೆಳಗಾಗುವ ಮುಂಚೆಯೇ ಗೋವಾದ ಕಡೆ ಕಟ್ಟಡದ ಕೆಲಸಕ್ಕೆ ಬಸ್ಸು ಹಿಡಿಯಬೇಕಾದವನು. ಉಳಿದವರು ಗದ್ದೆ, ಹಿತ್ತಿಲು, ಅಡಿಕೆ ತೋಟದ ಕೂಲಿ ಎಂದು ಮಣ್ಣು ಮೆತ್ತಿದ ಕಾಲಲ್ಲೇ ಬಂದು ಹೊರಗಿನ ಕೊಡದ ನೀರು ಸುರಿದುಕೊಂಡವರು. ಬಾರಿಸಿದ್ದಕ್ಕೆ ಇವರಲ್ಲಿ ಯಾರಿಗೂ ಯಾರೂ ಸಂಬಳ ಕೊಡುವುದಿಲ್ಲ. ಪೇಟೆಯಲ್ಲಾದರೆ ಇವರನ್ನು ಹವ್ಯಾಸಿ ಕಲಾವಿದರು ಎನ್ನುತ್ತಿದ್ದರು.

“ಬರ್ರಿ ಸರ್, ಕೂತ್ಕೊಳ್ರಿ. ಇನ್ನೂ ಸುರು ಆಗಿಲ್ಲ,” ಎನ್ನುತ್ತಾರೆ ಬೆಂಕಿಯೆದುರಿನ ಹಿರಿಯರು. ಅವರ ಮನೆಮಾತು ಕೊಂಕಣಿ. ನಮಗಾಗಿ ಕನ್ನಡಕ್ಕೆ ಬಂದಿದ್ದಾರೆ.

“ಯಾರಿಗೆ ಕಾಯಾಕತ್ತೀರಿ, ಮಾಮಾ?”

“ಕಾಸಾಳೆ ಅಂವನ ಹತ್ರ ಐತಿ. ಆಕಳು ಮನಿಗೆ ಬಂದಿಲ್ಲಂತ, ಹುಡುಕಾಕ ಹೋಗ್ಯಾನ.”

ಕಾಸಾಳೆ ಎಂದರೆ ಕಂಚಿನ ತಾಳ. ಅದು ಬರುವ ತನಕ ಮೇಳ ಶುರುವಾಗುವುದಿಲ್ಲ, ಯಾರಿಗೂ ಅವಸರವೂ ಇಲ್ಲ. ಬೆಲ್ಲದ ಚಹಾ ಬರುತ್ತದೆ. ಬಾಳೆಲೆಯ ತುಂಡಿನ ಮೇಲೆ ಬೇಯಿಸಿದ ಕೋನ ಗೆಡ್ಡೆ, ಪಕ್ಕದಲ್ಲಿ ಒಂದು ಚಿಟಿಕೆ ಉಪ್ಪು, ಹಸಿಮೆಣಸು ಬರುತ್ತವೆ. ಜೊಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆ ಗೆಣಸುಗಳಿಗೆ ಈಗ ಪ್ರತಿವರ್ಷ ಪೇಟೆಯಲ್ಲಿ ಮೇಳವೇ ನಡೆಯುತ್ತದೆ, ದೂರದೂರಿನವರು ಬಂದು ಕೊಂಡೊಯ್ಯುತ್ತಾರೆ. ಇವರ ಇನ್ನೊಂದು ಬೆಳೆಯಾದ ಈ ಹಾಡು, ಈ ಬಡಿತ ಮಾತ್ರ ಬಹುಪಾಲು ಅಂಗಳದಲ್ಲೇ ಇದೆ.

ಅಷ್ಟು ಹೊತ್ತಿಗೆ ಗುಮಟೆಯನ್ನು ಹತ್ತಿರದಿಂದ ನೋಡಿಬಿಡೋಣ. ಸುಟ್ಟ ಮಣ್ಣಿನ, ಹೊಟ್ಟೆ ಉಬ್ಬಿದ ಮಡಕೆ ಇದು. ಆದರೆ ನೀರು ತುಂಬುವ ಮಡಕೆಗೆ ಒಂದೇ ಬಾಯಿ, ಇದಕ್ಕೆ ಎರಡು. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ಬಾರಿಸುವವನು ಹಗ್ಗವನ್ನು ಕುತ್ತಿಗೆಗೋ ಸೊಂಟಕ್ಕೋ ಹಾಕಿಕೊಂಡು ಗುಮಟೆಯನ್ನು ಅಡ್ಡಲಾಗಿ ತಬ್ಬಿ ಹಿಡಿಯುತ್ತಾನೆ. ಬಲಗೈ ಚರ್ಮದ ಮೇಲೆ ಕುಣಿಯುತ್ತದೆ. ನೋಡುವವರ ಕಣ್ಣೆಲ್ಲ ಆ ಕೈಯ ಮೇಲೆಯೇ ಇರುತ್ತದೆ, ಕಸುಬು ಇರುವುದು ಮಾತ್ರ ಎಡಗೈಯಲ್ಲಿ. ಅದರ ಅಂಗೈ ಹಿಂದಿನ ಸಣ್ಣ ಬಾಯಿಯನ್ನು ಮುಚ್ಚುತ್ತ, ತುಸು ತೆರೆಯುತ್ತ, ಮತ್ತೆ ಮುಚ್ಚುತ್ತ ಮಡಕೆಯೊಳಗಿನ ಗಾಳಿಯನ್ನು ಆಳುತ್ತದೆ. ಮುಚ್ಚಿ ಬಡಿದಾಗ ಕುಗ್ಗಿದ ದನಿ, ತೆರೆದಾಗ ಎದೆಯೊಳಗೆ ಇಳಿಯುವ ಗುಂಕಾರ. ಬಡಿದ ಮರುಗಳಿಗೆಯಲ್ಲಿ ಅಂಗೈಯನ್ನು ಮೆಲ್ಲಗೆ ಸರಿಸಿದರೆ ಆ ಗುಂಕಾರ ತಗ್ಗಿನಿಂದ ಮೇಲಕ್ಕೆ ಜಾರಿಕೊಂಡು ಹೋಗುತ್ತದೆ. ಇಷ್ಟನ್ನೂ ಒಂದು ಮಡಕೆ, ಒಂದು ತುಂಡು ಚರ್ಮ, ಎರಡು ಕೈಗಳಿಂದ ಹೊರಡಿಸುತ್ತಾರೆ.

ಚರ್ಮದ ಕಥೆ ಸ್ವಲ್ಪ ಬೇರೆ. ಹಿಂದೆ ಗುಮಟೆಗೆ ಉಡದ ಚರ್ಮವೇ ಆಗಬೇಕಿತ್ತು. ತೆಳುವಾದರೂ ಗಟ್ಟಿ, ದನಿಗೆ ಹೇಳಿ ಮಾಡಿಸಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಉಡವನ್ನು ಮುಟ್ಟುವ ಹಾಗಿಲ್ಲ. ಈಗ ಆಡಿನ ಚರ್ಮ. ಹಳಬರ ಕಿವಿಗೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಆಡಿನ ಚರ್ಮಕ್ಕೆ ತೇವ ಬೇಗ ಹತ್ತುತ್ತದೆ, ಮತ್ತೆ ಮತ್ತೆ ಕಾಯಿಸಬೇಕು ಎನ್ನುತ್ತಾರೆ. ಹಾಗೆಂದು ಯಾರೂ ಬಾರಿಸುವುದನ್ನು ಬಿಡಲಿಲ್ಲ. ಗೋವಾದಲ್ಲಿಯೂ ಇದೇ ಬದಲಾವಣೆಯಾಯಿತು. ಅಲ್ಲಿ 2019ರಲ್ಲಿ ಸರ್ಕಾರ ಗುಮಟೆಯನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಘಟ್ಟದ ಈಚೆಗಿನ ಗುಮಟೆಗೂ ಅಂಥದೊಂದು ಗೌರವ ಸಲ್ಲಬೇಕಿತ್ತು.

ನಾಯಿ ಬೊಗಳುತ್ತದೆ. ಆಕಳೂ ಸಿಕ್ಕಿದೆ, ಕಾಸಾಳೆಯೂ ಬಂದಿದೆ.

ಮೊದಲು ನಮನ. ಊರದೇವರನ್ನು, ನೆಲವನ್ನು, ಹಿರಿಯರನ್ನು ನೆನೆಯುವ ಹಾಡು. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಗುಮಟೆ ಇನ್ನೂ ಜೋರಾಗಿಲ್ಲ, ಹಾಡಿನ ಹಿಂದೆ ಹಿಂದೆಯೇ ಹೆಜ್ಜೆ ಹಾಕುತ್ತದೆ. ನಮನ ಮುಗಿದದ್ದೇ ನಡಿಗೆ ಬದಲಾಗುತ್ತದೆ. ರಾಫ್ಟಿನ ಹುಡುಗ ಎರಡನೆಯ ಗುಮಟೆಗೆ ಹಗ್ಗ ಬಿಗಿದು ಎದ್ದು ನಿಲ್ಲುತ್ತಾನೆ. ಕೋಲಿನಿಂದ ಬಾರಿಸುವ ಶಾಮೇಳ ಸೇರಿಕೊಳ್ಳುತ್ತದೆ. ಗುಮಟೆಯ ಆಳದ ದನಿಯ ಮೇಲೆ ಅದರ ಚುರುಕು ಸದ್ದು, ಎರಡರ ಮೇಲೂ ಕಾಸಾಳೆಯ ಕಿಣಿಕಿಣಿ. ಹಾಡು ಒಂದು ಸುತ್ತು ಮುಗಿದಾಗಲೆಲ್ಲ ಬಡಿತ ಒಂದು ಮೆಟ್ಟಿಲು ಏರುತ್ತದೆ. ಕೂತವರ ಮೊಣಕಾಲು ತಾವಾಗಿಯೇ ಅಲ್ಲಾಡತೊಡಗುತ್ತವೆ, ಇಬ್ಬರು ಎದ್ದು ಸೊಂಟಕ್ಕೆ ಟವೆಲು ಬಿಗಿದು ಅಂಗಳಕ್ಕಿಳಿಯುತ್ತಾರೆ. ಬೆಂಕಿಯ ಬೆಳಕು ಅವರ ಕೆಳಗಿನಿಂದ ಬಿದ್ದು ನೆರಳುಗಳು ಗೋಡೆಯ ಮೇಲೆ ಎರಡಾಳೆತ್ತರ ಏಳುತ್ತವೆ. ಹಗಲು ನದಿಯಲ್ಲಿ ಹುಟ್ಟು ಹಾಕಿ ಸೋತಿದ್ದ ಹುಡುಗನ ತೋಳಿಗೆ ಎಲ್ಲಿಂದಲೋ ಹೊಸ ಕಸುವು ಬಂದಿದೆ.

ಯಾರೋ ಎಲ್ಲೋ ತಪ್ಪುತ್ತಾರೆ. ಹಾಡು ಮುಂದೆ ಹೋಯಿತು, ಕಾಸಾಳೆ ಹಿಂದುಳಿಯಿತು. ಹಿರಿಯರು ಕೈ ಎತ್ತಿ ನಿಲ್ಲಿಸುವುದಿಲ್ಲ, ಬೈಯುವುದಿಲ್ಲ. ತಮ್ಮ ಗುಮಟೆಯ ಸದ್ದನ್ನು ಒಂದು ಪಟ್ಟು ಸ್ಪಷ್ಟ ಮಾಡಿ, ತಪ್ಪಿದವನ ಕಡೆ ತಿರುಗಿ ಬಾರಿಸುತ್ತಾರೆ. ಅವನು ಆ ದನಿಯನ್ನು ಹಿಡಿದುಕೊಂಡು ಸಾಲಿಗೆ ಮರಳುತ್ತಾನೆ. ಕಲಿಸುವ ಬಗೆ ಇಷ್ಟೇ. ಪಾಠವಿಲ್ಲ, ಪುಸ್ತಕವಿಲ್ಲ, ಬರೆದಿಟ್ಟ ತಾಳವಿಲ್ಲ. ಜಗಲಿಯ ಕೊನೆಯಲ್ಲಿ ಐದನೆಯ ಇಯತ್ತೆಯ ಹುಡುಗನೊಬ್ಬ ಖಾಲಿ ಪೇಂಟಿನ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು ಅಜ್ಜನ ಬಲಗೈಯನ್ನೇ ನೋಡುತ್ತ ಬಡಿಯುತ್ತಿದ್ದಾನೆ. ಇನ್ನೆರಡು ವರ್ಷಕ್ಕೆ ಅವನ ಕಣ್ಣು ಎಡಗೈಯ ಕಡೆ ಹೊರಳುತ್ತದೆ, ಅಲ್ಲಿಂದ ಅವನ ಕಲಿಕೆ.

ಇದೆಲ್ಲ ತಯಾರಿ. ಫಾಲ್ಗುಣದ ಹಬ್ಬವಾದ ಶಿಗ್ಮೋ ಬಂದಾಗ ಮೇಳ ಮನೆಮನೆಗೆ ಹೊರಡುತ್ತದೆ. ಒಂದೊಂದು ಅಂಗಳದಲ್ಲೂ ನಿಂತು ಹಾಡಿ, ಕುಣಿದು, ಮನೆಯವರನ್ನು ಹರಸಿ, ಕೊಟ್ಟ ಅಕ್ಕಿ, ತೆಂಗಿನಕಾಯಿ, ದುಡ್ಡನ್ನು ಜೋಳಿಗೆಗೆ ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಕೂಡಿದ್ದೆಲ್ಲ ಕೊನೆಯಲ್ಲಿ ಊರೊಟ್ಟಿನ ಊಟಕ್ಕೇ ಸಲ್ಲುತ್ತದೆ. ಹಾಡು ಕುಣಿತಕ್ಕೆಂದು ಊರಿನಲ್ಲಿ ಮೀಸಲಾದ ಜಾಗಕ್ಕೆ ಮಾಂಡ ಎನ್ನುತ್ತಾರೆ. ಚಪ್ಪಲಿ ಹೊರಗೆ ಬಿಟ್ಟೇ ಅಲ್ಲಿಗೆ ಕಾಲಿಡಬೇಕು.

ಹೆಂಗಸರ ಸರದಿ ಚೌತಿಯಲ್ಲಿ. ಕೆಲಸಕ್ಕೆಂದು ಎಲ್ಲೆಲ್ಲೋ ಹೋದ ಅಣ್ಣತಮ್ಮಂದಿರು ಮೂಲಮನೆಯ ಒಂದೇ ಗಣಪನ ಮುಂದೆ ಸೇರುವ ದಿನಗಳು ಅವು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಗಣಪನ ಮೇಲಿನ ಮಾಟೋಳಿಗೆ ಕಟ್ಟಿದ ಕಾಡಿನ ಕಾಯಿ, ಹೂ, ಹಣ್ಣುಗಳ ಹಸಿ ವಾಸನೆ. ಅಡುಗೆ, ಬಡಿಸುವುದು, ಪಾತ್ರೆ ತಿಕ್ಕುವುದು ಎಲ್ಲ ಮುಗಿದ ಮೇಲೆ, ಗಂಡಸರ ಭಜನೆಯೂ ಮುಗಿದ ಮೇಲೆ, ಸೆರಗು ಸಿಕ್ಕಿಸಿಕೊಂಡು ಹೆಂಗಸರು ದುಂಡಗೆ ನಿಲ್ಲುತ್ತಾರೆ. ಅವರ ಕುಣಿತವಾದ ಫುಗಡಿಗೆ ವಾದ್ಯ ಬೇಕಿಲ್ಲ. ನಿಧಾನ ಹಾಡಿನಲ್ಲಿ ತೊಡಗಿ, ಬಾಗಿ, ಚಪ್ಪಾಳೆ ತಟ್ಟಿ, ಸುತ್ತು ಹಾಕುತ್ತ ಹಾಕುತ್ತ ವೇಗ ಏರಿದಂತೆ ಮಾತು ಉದುರಿಹೋಗಿ ಉಸಿರೊಂದೇ ಉಳಿಯುತ್ತದೆ. ಫೂ, ಫೂ ಎಂದು ಎಲ್ಲರೂ ಒಟ್ಟಿಗೆ ಬಿಡುವ ಆ ಉಸಿರೇ ತಾಳ. ಅರವತ್ತರ ಅಜ್ಜಿಯೂ ಹದಿನಾರರ ಮೊಮ್ಮಗಳೂ ಕೈಕೈ ಹಿಡಿದು ತಿರುಗುವಾಗ ಯಾರು ಯಾರನ್ನು ಎಳೆಯುತ್ತಿದ್ದಾರೆ ಎಂದು ಹೇಳಲಾಗದು. ಗುಮಟೆಯ ಬಗ್ಗೆ ಬರೆಯುವವರು ಅನೇಕರಿದ್ದಾರೆ. ಮನೆಯೊಳಗೇ ನಡೆಯುವ ಈ ಕುಣಿತ, ಇದರ ನೂರಾರು ಹಾಡುಗಳು ಬರಹಕ್ಕೆ ಸಿಕ್ಕಿದ್ದು ಕಡಿಮೆ.

ಕುಣಬಿಗಳು ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಘಟ್ಟ ಹತ್ತಿದವರು ಎಂಬ ನೆನಪು ಅವರಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿದೆ. ಗೋವಾದ ಕುಣಬಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಘಟ್ಟದ ಮೇಲಿನ ಅವರ ನಂಟರು ಅದೇ ಮಾನ್ಯತೆಗಾಗಿ ಕಾಲ್ನಡಿಗೆ, ಧರಣಿ ಎಂದು ದಶಕಗಳಿಂದ ಕೇಳುತ್ತಲೇ ಬಂದಿದ್ದಾರೆ. ಎರಡೂ ಕಡೆ ಒಂದೇ ಗುಮಟೆ, ಒಂದೇ ಫುಗಡಿ.

ಜೊಯಿಡಾಕ್ಕೆ ಸದ್ದುಗಳು ನಾಲ್ಕು ದಿಕ್ಕಿನಿಂದಲೂ ಬರುತ್ತವೆ. ಗೋವಾದ ಕಡೆಯಿಂದ ಗುಮಟೆ ಬಂದರೆ, ಧಾರವಾಡ, ಬೆಳಗಾವಿಯ ಬಯಲಿನಿಂದ ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿಯ ಜಾತ್ರೆಗೆ ಚಕ್ಕಡಿಗಳು ಹತ್ತಿ ಬರುತ್ತವೆ. ಚನ್ನಬಸವಣ್ಣನವರ ಸಮಾಧಿಯಿರುವ ಊರು ಉಳವಿ. ಎತ್ತಿನ ಕೊರಳ ಗೆಜ್ಜೆಸರದ ಜೊತೆ ಚಕ್ಕಡಿಯಲ್ಲಿ ದಮ್ಮಡಿ, ತಾಳ, ಒಮ್ಮೊಮ್ಮೆ ಬಟ್ಟೆ ಸುತ್ತಿದ ಹಾರ್ಮೋನಿಯಂ ಕೂಡ ಇರುತ್ತದೆ. ರಾತ್ರಿ ಬಿಡಾರ ಹೂಡಿದಲ್ಲಿ ರೊಟ್ಟಿ ಬುತ್ತಿ ಬಿಚ್ಚಿ ಉಂಡ ಮೇಲೆ ಶಿಶುನಾಳ ಶರೀಫರ ತತ್ವಪದಗಳು ಕಾಡಿನೊಳಗೆ ಹೊರಡುತ್ತವೆ. ಹಾಡುವವರು ಜೋಳ, ಹತ್ತಿ ಬೆಳೆಯುವ ರೈತರು. ಹಳಿಯಾಳ, ರಾಮನಗರದ ಕಡೆಯ ಮರಾಠಿ ಮನೆಗಳಲ್ಲಿ ವಾರಕರಿಗಳ ಭಜನೆ. ಹರಿನಾಮ ಸಪ್ತಾಹದಲ್ಲಿ ಪಖವಾಜಿಗೆ ಹಿಟ್ಟು ಮೆತ್ತಿ ದನಿ ಹದ ಮಾಡುತ್ತ ಕೂತ ಕಿರಾಣಿ ಅಂಗಡಿಯವರನ್ನು, ಬಸ್ ಕಂಡಕ್ಟರನ್ನು ಅಲ್ಲಿ ಕಾಣಬಹುದು. ಯಲ್ಲಾಪುರದ ಗಾಳಿ ಬೀಸುವ ಗುಂದದ ಅಡಿಕೆ ತೋಟಗಳ ಸೀಮೆಗೆ ಹೋದರೆ ಗುಮಟೆಯ ಬದಲು ಮದ್ದಳೆ, ಚಂಡೆ. ಅಲ್ಲಿ ಕೊನೆ ಕೊಯ್ಲಿನ ಲೆಕ್ಕ ಮುಗಿಸಿ ಎದ್ದ ತೋಟಿಗರೇ ರಾತ್ರಿ ತಾಳಮದ್ದಳೆಗೆ ಕೂತು ಕೃಷ್ಣನೂ ಭೀಷ್ಮನೂ ಆಗುತ್ತಾರೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡಂಚಿನಲ್ಲಿ, ಜೊಯಿಡಾದ ಕೆಲವು ಕಡೆಯೂ, ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮೊಮ್ಮಕ್ಕಳ ಮೊಮ್ಮಕ್ಕಳು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಡಮಾಮಿ ಎದ್ದಾಗ ಮೂವರ ಕಾಲೂ ಒಂದೇ ಕಡೆ ಬೀಳುತ್ತವೆ. ಮರದ ಒಡಲಿನ ಆ ದೊಡ್ಡ ವಾದ್ಯದ ಸದ್ದು ಗುಮಟೆಗಿಂತ ಒರಟು, ಅದಕ್ಕಿಂತ ಹತ್ತಿರ. ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. 1980ರ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆಯವರು ಮಂಚೀಕೇರಿಯ ಸಿದ್ದಿಗಳ ಜೊತೆ ಕೂತು, ಆಫ್ರಿಕಾದ ಚಿನುವ ಅಚಿಬೆಯ ಕಾದಂಬರಿಯನ್ನು ರಂಗಕ್ಕೆ ತಂದಾಗ ಈ ಕುಣಿತ, ಈ ಬಡಿತಗಳೇ ನಾಟಕದ ಬೆನ್ನೆಲುಬಾದವು. ಅಲ್ಲಿಂದ ಮುಂದೆ ಅನೇಕ ಸಿದ್ದಿ ಯುವಕ ಯುವತಿಯರು ನೀನಾಸಂ ರಂಗಶಾಲೆಯ ಮೆಟ್ಟಿಲು ಹತ್ತಿದರು. ಗಿರಿಜಾ ಸಿದ್ದಿಯವರ ಕಂಠ ಇಂದು ನಾಡಿನ ರಂಗಭೂಮಿಗೆ ಚೆನ್ನಾಗಿ ಪರಿಚಿತ. ಆದರೆ ಒಬ್ಬರು ವೇದಿಕೆಗೆ ಬಂದರೆ ಅವರ ಹಿಂದೆ ಸಂಜೆಗಳಲ್ಲಿ ಸುಮ್ಮನೆ ಬಾರಿಸಿಕೊಂಡು ಉಳಿದ ಐವತ್ತು ಮಂದಿ ಇರುತ್ತಾರೆ. ಈ ಬರಹ ಅವರನ್ನು ಕುರಿತದ್ದು.

ಕರಾವಳಿಗೆ ಇಳಿದರೆ ಗುಮಟೆ ಹಾಲಕ್ಕಿಗಳ, ಇನ್ನೂ ಹಲವು ಸಮುದಾಯಗಳ ಕೈಯಲ್ಲೂ ಇದೆ. ಗುಮಟೆಪಾಂಗು ಎಂದು ಅಲ್ಲಿ ಕರೆಯುತ್ತಾರೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಓದು ಬರಹ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದರು. 2017ರಲ್ಲಿ ಪದ್ಮಶ್ರೀ ಬಂದ ಮೇಲೂ ಅದೇ ಮನೆ, ಅದೇ ಮಣಿಸರ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಹಾಡುವುದನ್ನು ಅವರು ಕಸುಬಾಗಿ ಕಲಿತಿರಲಿಲ್ಲ. ನಾಟಿಗೆ, ಮದುವೆಗೆ, ಸುಗ್ಗಿಗೆ ಹಾಡು ಬೇಕಿತ್ತು, ಕಲಿತರು. ಇನ್ನೂ ದಕ್ಷಿಣಕ್ಕೆ, ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲೂ ಗುಮಟೆ ಇದೆ. ಅಲ್ಲಿನ ಮಾಂಡ್ ಸೊಭಾಣ್ ಬಳಗ 2008ರಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಬರೆಯಿತು.

ಮತ್ತೆ ನಮ್ಮ ಅಂಗಳಕ್ಕೆ ಬರೋಣ. ನಡುವೆ ಬಿಡುವು. ಗುಮಟೆಗಳು ಮತ್ತೆ ಬೆಂಕಿಯ ಮುಂದೆ ಸಾಲಾಗಿವೆ, ಬಾರಿಸಿದವರ ಅಂಗೈ ಕೆಂಪಾಗಿವೆ. ಈಗ ಮಾತು ಬರುತ್ತದೆ.

“ಮೊದಲ ಹದಿನೈದು, ಹದಿನಾರು ಮಂದಿ ಇರ್ತಿದ್ವಿ. ಈಗ ಇಷ್ಟ ಮಂದಿ ಕೂಡಿಸ್ಬೇಕಂದ್ರ ನಾಕ ಮನಿ ಫೋನ್ ಮಾಡ್ಬೇಕು. ಫೋನ್ ಮಾಡಾಕ ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು,” ಎನ್ನುತ್ತಾನೆ ವಾಚರ್. ಎಲ್ಲರೂ ನಗುತ್ತಾರೆ.

ಮಂದಿ ಎಲ್ಲಿ ಹೋದರು ಎಂಬುದಕ್ಕೆ ಈ ತಾಲೂಕಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಉತ್ತರ ಕನ್ನಡದ ಅತಿ ದೊಡ್ಡ ತಾಲೂಕುಗಳಲ್ಲೊಂದು ಇದು, ಜನ ಮಾತ್ರ 2011ರ ಗಣತಿಯಲ್ಲಿ 50 ಸಾವಿರದ ಆಸುಪಾಸು. ಒಂದು ಮನೆಯಿಂದ ಇನ್ನೊಂದಕ್ಕೆ ಕಾಡು ದಾಟಬೇಕಾದ ಊರುಗಳು. ತಾಲೂಕಿನ ಕೇಂದ್ರ ಮೊದಲು ಸೂಪಾ ಆಗಿತ್ತು. ಇದೇ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ, ಕಾಳಿ ಪಾಂಡರಿಗಳ ಸಂಗಮದಲ್ಲಿದ್ದ ಆ ಪಟ್ಟಣವೂ ಸುತ್ತಲಿನ ಹಳ್ಳಿಗಳೂ 1980ರ ದಶಕದಲ್ಲಿ ನೀರಿನಡಿ ಸೇರಿದವು. ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು, ಉಳಿದವರು ಸಿಕ್ಕಲ್ಲಿಗೆ. ಅಣಶಿ, ದಾಂಡೇಲಿಯ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಒಪ್ಪಿ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷ, 2021ರಿಂದ 15 ಲಕ್ಷ ರೂಪಾಯಿ ಪರಿಹಾರ. ಆಸ್ಪತ್ರೆ, ಶಾಲೆ, ರಸ್ತೆ ಬೇಕೆಂದು ಹೊರಬರುವವರನ್ನು ತಪ್ಪೆನ್ನುವ ಹಕ್ಕು ಪೇಟೆಯಲ್ಲಿ ಕೂತ ನಮಗಿಲ್ಲ. ಆದರೆ ಆ ಲೆಕ್ಕದಲ್ಲಿ ಮನೆಗೆ, ಗದ್ದೆಗೆ, ಮರಕ್ಕೆ ಬೆಲೆಯಿದೆ, ಮಾಂಡಕ್ಕೆ ಇಲ್ಲ. ಎತ್ತಿಕೊಡುವವನು ಒಂದು ಊರಿಗೆ, ಹಿಡಿಯುವವರು ಇನ್ನೊಂದು ಊರಿಗೆ ಹೋದರೆ ಹಾಡು ಎಲ್ಲಿಗೆ ಹೋಗಬೇಕು?

ಹುಡುಗರು ಗೋವಾಕ್ಕೆ ಹೋಗುತ್ತಾರೆ, ಹುಬ್ಬಳ್ಳಿಗೆ ಹೋಗುತ್ತಾರೆ. ಹಬ್ಬಕ್ಕೆ ಮರಳುವಾಗ ಕೆಲವರು ಡಿಜೆ ಬಾಡಿಗೆಗೆ ತರೋಣ ಎನ್ನುತ್ತಾರೆ. ಅದು ಅವರ ವಯಸ್ಸಿನ ಆಸೆ, ಅದರ ಮೇಲೆ ಸಿಟ್ಟು ಮಾಡಬೇಕಾಗಿಲ್ಲ. ಕಳವಳದ ಸಂಗತಿ ಬೇರೆಯದು. ಡಿಜೆಯ ಮುಂದೆ ಕುಣಿಯಲು ಯಾರೂ ಏನನ್ನೂ ಕಲಿಯಬೇಕಿಲ್ಲ, ಯಾರಿಗೂ ಕಾಯಬೇಕಿಲ್ಲ. ಆಕಳು ಹುಡುಕಲು ಹೋದವನಿಲ್ಲದೆ ಇಲ್ಲಿ ಹಾಡು ಶುರುವಾಗದು. ಒಬ್ಬನನ್ನು ಇಷ್ಟು ಬೇಕಾದವನನ್ನಾಗಿ ಮಾಡುವ ಜಾಗ ಊರಿನಲ್ಲಿ ಬೇರೆ ಎಲ್ಲಿದೆ?

ಇನ್ನು ವೇದಿಕೆಯ ಮಾತು. ಈ ಮೇಳಗಳಿಗೆ ವೇದಿಕೆ ಸಿಗುವುದೇ ಇಲ್ಲ ಎನ್ನಲಾಗದು. ಉತ್ಸವಗಳಿಗೆ ಕರೆ ಬರುತ್ತದೆ, ದಾಂಡೇಲಿ, ಗಣೇಶಗುಡಿಯ ರೆಸಾರ್ಟುಗಳು ಸಂಜೆಯ ಬೆಂಕಿಯ ಸುತ್ತ ಅತಿಥಿಗಳಿಗಾಗಿ ಕುಣಿಸುತ್ತವೆ. ಹೋಗಿ ಬಂದವರು ಸಂತೋಷದಿಂದಲೇ ಹೇಳಿಕೊಳ್ಳುತ್ತಾರೆ. ಮೊದಲ ಬಾರಿ ಸಾವಿರ ಜನರ ಮುಂದೆ ನಿಂತದ್ದು, ಮೈಕಿನಲ್ಲಿ ತಮ್ಮ ಗುಮಟೆಯನ್ನು ತಾವೇ ಕೇಳಿ ಬೆರಗಾದದ್ದು, ಫೋಟೋ ಪೇಪರಿನಲ್ಲಿ ಬಂದದ್ದು. ಆ ನಡುಕ, ಆ ಹೆಮ್ಮೆ ಬೇಕಾದದ್ದೇ. ಜೊತೆಗೆ ಇನ್ನೊಂದು ಮಾತೂ ಬರುತ್ತದೆ. ಹತ್ತು ನಿಮಿಷ ಎಂದಿರುತ್ತಾರೆ, ಐದಕ್ಕೆ ಇಳಿಸುತ್ತಾರೆ. ನಮನ ಬಿಡಿ, ಜೋರಿನದ್ದೇ ಬಾರಿಸಿ ಎನ್ನುತ್ತಾರೆ. ಚರ್ಮ ಕಾಯಿಸಲು ಬೆಂಕಿಗೆ ಜಾಗವಿರುವುದಿಲ್ಲ, ತಂಪು ಹಿಡಿದ ಗುಮಟೆಯನ್ನೇ ಬಡಿದು ಬರಬೇಕಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದ ಮೇಳವನ್ನು ತುದಿಯಲ್ಲೇ ನಿಲ್ಲಿಸಿ ತೋರಿಸಿದರೆ ನೋಡಿದವರಿಗೆ ಗದ್ದಲವಷ್ಟೇ ಕಾಣುತ್ತದೆ.

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಹಗಲು ಕಂಪ್ಯೂಟರಿನ ಮುಂದೆ ಕೂತು, ಶನಿವಾರ ಯಾರದೋ ಗ್ಯಾರೇಜಿನಲ್ಲೋ ತಾರಸಿಯ ಕೋಣೆಯಲ್ಲೋ ಗಿಟಾರು, ಡ್ರಮ್ಸು, ಕೀಬೋರ್ಡು ಹೂಡಿಕೊಂಡು ಬ್ಯಾಂಡು ಕಟ್ಟುವ ಗೆಳೆಯರ ಗುಂಪುಗಳು ಈಗ ಬಹಳ ಇವೆ. ರಘು ದೀಕ್ಷಿತರು ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ಹೊರದೇಶದ ವೇದಿಕೆಗಳವರೆಗೆ ಒಯ್ದ ಮೇಲೆ ಜನಪದದ ಕಡೆ ಕಿವಿ ತಿರುಗಿಸಿದ ಹುಡುಗ ಹುಡುಗಿಯರು ಹೆಚ್ಚಿದ್ದಾರೆ. ಅವರಿಗೂ ಈ ಅಂಗಳದವರಿಗೂ ಇರುವ ದೂರ ಬರೀ ರಸ್ತೆಯದು. ಕೆಲಸ ಮುಗಿಸಿ ಬರುವುದು, ತಡವಾಗಿ ಬಂದವನಿಗೆ ಕಾಯುವುದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪುವುದು, ಇದ್ದಕ್ಕಿದ್ದಂತೆ ಎಲ್ಲರ ಕೈಯೂ ಕೂಡಿಬಿಟ್ಟಾಗ ಒಬ್ಬರ ಮುಖ ಒಬ್ಬರು ನೋಡಿ ನಗುವುದು ಎರಡೂ ಕಡೆ ಒಂದೇ. ಆ ಗೆಳೆಯರಲ್ಲಿ ನನ್ನದೊಂದು ಕೋರಿಕೆಯಿದೆ. ಜೊಯಿಡಾಕ್ಕೆ ಬನ್ನಿ. ಮೊಬೈಲಿನಲ್ಲಿ ಎರಡು ನಿಮಿಷ ಬಡಿತ ರೆಕಾರ್ಡು ಮಾಡಿಕೊಂಡು ಓಡಬೇಡಿ. ಒಂದು ರಾತ್ರಿ ಕೂರಿ, ಎಡಗೈಯ ಕೆಲಸ ಕಲಿಯಿರಿ, ನಿಮ್ಮ ಗಿಟಾರನ್ನೂ ಅವರ ಕೈಗೆ ಕೊಡಿ. ಹಾಡನ್ನು ಒಯ್ದರೆ ಯಾವ ಊರಿನದು, ಯಾರ ಕಂಠದ್ದು ಎಂದು ಹೇಳಿ ಹಾಡಿ, ಬಂದ ದುಡ್ಡಿನಲ್ಲಿ ಅವರ ಪಾಲನ್ನು ಕೊಡಿ.

ಕಾರ್ಯಕ್ರಮ ನಡೆಸುವವರಲ್ಲಿ, ರೆಸಾರ್ಟಿನವರಲ್ಲಿ ಕೇಳಬೇಕಾದದ್ದು ಇನ್ನೂ ಸರಳ. ಮೇಳಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಕೊಡಿ. ಸಂಭಾವನೆಯ ಮಾತನ್ನು ಮೊದಲೇ ಆಡಿ ಮುಗಿಸಿ, ಆ ರಾತ್ರಿಯೇ ಕೈಗೆ ಕೊಡಿ, ಮನೆಗೆ ಮುಟ್ಟಿಸಲು ಗಾಡಿ ಮಾಡಿ. ಕೂಲಿ ಬಿಟ್ಟು ಬಂದವರು ಅವರು.

ಎಲ್ಲಕ್ಕಿಂತ ಮುಖ್ಯವಾದದ್ದು ಆ ಬಕೆಟ್ಟಿನ ಹುಡುಗನದು. ಅವನು ಓದುವ ಕನ್ನಡ ಶಾಲೆಯಲ್ಲಿ ಅವನ ಮನೆಮಾತಿಗೂ ಮನೆಯ ವಾದ್ಯಕ್ಕೂ ಈಗ ಜಾಗವಿಲ್ಲ. ಜೊಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಶಾಲೆಗಳಲ್ಲಿ ವಾರಕ್ಕೆ ಒಂದು ಅವಧಿಯನ್ನು ಗುಮಟೆಗೆ, ಡಮಾಮಿಗೆ, ಫುಗಡಿಗೆ ಮೀಸಲಿಡುವುದು ಕಷ್ಟದ ಕೆಲಸವೇನಲ್ಲ. ಹೊರಗಿನಿಂದ ಶಿಕ್ಷಕರು ಬೇಕಿಲ್ಲ, ಪ್ರತಿ ಊರಿನಲ್ಲೂ ಕಲಿಸಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನೇ ಶಾಲೆಗೆ ಕರೆದು, ಗೌರವಧನ ಕೊಟ್ಟು, ಮಕ್ಕಳ ಕೈಗೊಂದು ಗುಮಟೆ ಕೊಡಿಸುವ ಏರ್ಪಾಡನ್ನು ಶಿಕ್ಷಣ ಇಲಾಖೆಯೂ ಜಾನಪದ ಅಕಾಡೆಮಿಯೂ ಕೂಡಿ ಮಾಡಬೇಕು, ಆ ಹಿರಿಯರು ಇರುವಾಗಲೇ ಮಾಡಬೇಕು.